ಚಿನ್ನಕ್ಕೂ ಬೆಳ್ಳಿಗೂ ನಡುವಿನ ಹತ್ತು ವರ್ಷ

ಅಮೆರಿಕದಲ್ಲಿ ಹಳೆಯ ಕಾಮಿಕ್ಸ್ ಕೂಡಿಡುವವರ ನಡುವೆ ಇನ್ನೂ ಬಗೆಹರಿಯದ ವಾದವೊಂದಿದೆ. ಕಾಮಿಕ್ಸ್‌ನ ಬೆಳ್ಳಿಯುಗ ಯಾವ ಪುಸ್ತಕದಿಂದ ಶುರುವಾಯಿತು? ಹೆಚ್ಚಿನವರು ‘ಷೋಕೇಸ್’ ಮಾಲೆಯ 4ನೇ ಸಂಚಿಕೆಯತ್ತ ಬೆರಳು ತೋರುತ್ತಾರೆ. 1956ರ ಸೆಪ್ಟೆಂಬರ್-ಅಕ್ಟೋಬರ್ ತಾರೀಖಿನ ಆ ಸಂಚಿಕೆಯಲ್ಲಿ ಡಿಸಿ ಪ್ರಕಾಶನವು ‘ಫ್ಲ್ಯಾಶ್’ ಎಂಬ ಹಳೆಯ ನಾಯಕನಿಗೆ ಹೊಸ ವೇಷ ತೊಡಿಸಿ ಮತ್ತೆ ಓದುಗರ ಮುಂದೆ ತಂದಿತು. ಇದನ್ನು ಒಪ್ಪದವರೂ ಇದ್ದಾರೆ. 1955ರ ನವೆಂಬರ್‌ನಲ್ಲೇ, ‘ಡಿಟೆಕ್ಟಿವ್ ಕಾಮಿಕ್ಸ್’ 225ನೇ ಸಂಚಿಕೆಯಲ್ಲಿ, ಮಂಗಳ ಗ್ರಹದಿಂದ ಬಂದ ಹಸಿರು ಮೈಯ ‘ಮಾರ್ಷಿಯನ್ ಮ್ಯಾನ್‌ಹಂಟರ್’ ಕಾಣಿಸಿಕೊಂಡಿದ್ದ. ಹಳಬನನ್ನು ತಿದ್ದಿ ತಂದದ್ದಕ್ಕಿಂತ ಹೊಸಬನೊಬ್ಬ ಬಂದದ್ದೇ ಯುಗದ ಆರಂಭವಾಗಬೇಕಲ್ಲವೇ ಎಂಬುದು ಅವರ ಪಟ್ಟು.

ಒಂದು ವರ್ಷ ಹಿಂದೆಮುಂದಾದರೆ ಏನಾಯಿತು, ಅದಕ್ಕೆ ಇಷ್ಟು ಜಗ್ಗಾಟ ಬೇಕೇ ಎಂದು ಕೇಳಬಹುದು. ಗೆರೆ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಪುಸ್ತಕದ ಬೆಲೆ ನಿಂತಿದೆ. ಯುಗದ ಮೊದಲ ಪುಸ್ತಕ ಎಂಬ ಹೆಸರು ಬಂದರೆ ಮುಖಪುಟ ಹರಿದ ಪ್ರತಿಗೂ ಗಿರಾಕಿ ಸಿಗುತ್ತಾನೆ. ಬೆಲೆಗಿಂತ ದೊಡ್ಡ ವಿಷಯ ಇನ್ನೊಂದು. ಯುಗಗಳ ಗೆರೆ ಎಳೆಯುವವರು ಕಾಮಿಕ್ಸ್‌ನ ಚರಿತ್ರೆಯಲ್ಲಿ ಯಾವುದಕ್ಕೆ ಮಹತ್ವ, ಯಾವುದಕ್ಕಿಲ್ಲ ಎಂಬ ತೀರ್ಪನ್ನೂ ಕೊಡುತ್ತಿರುತ್ತಾರೆ. ಇಲ್ಲಿ ಆ ತೀರ್ಪು ಕೊಟ್ಟವರು ಸಾಮಾನ್ಯ ಓದುಗರು. ಈ ವಿಂಗಡಣೆಯ ಸೊಗಸೂ ಅದರಿಂದಲೇ ಬಂತು, ಕೊರತೆಯೂ ಅದರಿಂದಲೇ ಬಂತು.

ಈಗ ಬಳಕೆಯಲ್ಲಿರುವ ಲೆಕ್ಕ ಸ್ಥೂಲವಾಗಿ ಹೀಗಿದೆ. 1938ರಿಂದ ಎರಡನೇ ಮಹಾಯುದ್ಧ ಮುಗಿದ ಆಸುಪಾಸಿನವರೆಗೆ ಸುವರ್ಣಯುಗ, ಅಂದರೆ ಗೋಲ್ಡನ್ ಏಜ್. 1956ರಿಂದ 1970ರವರೆಗೆ ಬೆಳ್ಳಿಯುಗ. ಅಲ್ಲಿಂದ 1980ರ ದಶಕದ ನಡುವಿನವರೆಗೆ ಕಂಚಿನ ಯುಗ. ಅನಂತರದ ಏಳೆಂಟು ವರ್ಷಗಳನ್ನು ತಾಮ್ರಯುಗ ಎನ್ನುವವರಿದ್ದಾರೆ, ಅದರಿಂದೀಚಿನದೆಲ್ಲ ಮಾಡರ್ನ್. 1938ಕ್ಕಿಂತ ಹಿಂದಿನವಕ್ಕೆ ಪ್ಲಾಟಿನಂ ಯುಗ, ಹತ್ತೊಂಬತ್ತನೇ ಶತಮಾನದವಕ್ಕೆ ವಿಕ್ಟೋರಿಯನ್ ಯುಗ ಎಂಬ ಹೆಸರುಗಳು ಆಮೇಲೆ ಸೇರಿಕೊಂಡವು. ಚಿನ್ನ, ಬೆಳ್ಳಿ, ಕಂಚು ಎಂಬ ಕ್ರಮ ಗ್ರೀಕ್ ಕವಿ ಹೀಸಿಯಡ್‌ನ ಕಾಲದಷ್ಟು ಹಳೆಯದು. ನಮ್ಮ ಕೃತ, ತ್ರೇತಾ, ದ್ವಾಪರಗಳಂತೆ ಅದೂ ಇಳಿಮುಖದ ಎಣಿಕೆ. ಹಳೆಯದೆಲ್ಲ ಹಿರಿದು, ಬರಬರುತ್ತಾ ಎಲ್ಲವೂ ಕಿರಿದಾಯಿತು ಎಂಬ ನಂಬಿಕೆ ಈ ಲೆಕ್ಕದ ಬುಡದಲ್ಲೇ ಇದೆ.

ಆ ನಂಬಿಕೆಗೆ ಕಾರಣವಿತ್ತು. 1940ರ ದಶಕದಲ್ಲಿ ಹತ್ತು ಸೆಂಟು ಕೊಟ್ಟು ಕಾಮಿಕ್ಸ್ ಕೊಂಡ ಮಕ್ಕಳು 1960ರ ಹೊತ್ತಿಗೆ ದುಡಿಯುವ ವಯಸ್ಸಿಗೆ ಬಂದಿದ್ದರು. ತಾವು ಓದಿದ್ದನ್ನು ನೆನೆಸಿಕೊಂಡು ಬರೆಯಲು ಫ್ಯಾನ್‌ಜೀನ್‌ಗಳನ್ನು, ಎಂದರೆ ಅಭಿಮಾನಿಗಳೇ ತಮ್ಮ ಖರ್ಚಿನಲ್ಲಿ ನೂರಾರು ಪ್ರತಿ ತೆಗೆದು ಅಂಚೆಯಲ್ಲಿ ಹಂಚುವ ಪತ್ರಿಕೆಗಳನ್ನು ಹೊರಡಿಸಿದರು. ರಿಚರ್ಡ್ ಲುಪಾಫ್ 1960ರ ದಶಕದ ಆರಂಭದಲ್ಲಿ ‘ಕಾಮಿಕ್ ಆರ್ಟ್’ ಎಂಬ ಅಂಥದೊಂದು ಪತ್ರಿಕೆಯ ಮೊದಲ ಸಂಚಿಕೆಗೆ ಬರೆದ ಲೇಖನದಲ್ಲಿ ಸುವರ್ಣಯುಗ ಎಂಬ ಮಾತನ್ನು ಬಳಸಿದರು. 1961ರಲ್ಲಿ ಡೆಟ್ರಾಯಿಟ್‌ನ ಜೆರ್ರಿ ಬೈಲ್ಸ್, ರಾಯ್ ಥಾಮಸ್ ಜೊತೆಗೂಡಿ ‘ಆಲ್ಟರ್ ಇಗೋ’ ಶುರುಮಾಡಿದರು. ಬೆಳ್ಳಿಯ ಹೆಸರು ಬಂದದ್ದು ಓದುಗರ ಪತ್ರಗಳಿಂದ. ‘ಜಸ್ಟಿಸ್ ಲೀಗ್ ಆಫ್ ಅಮೆರಿಕ’ದ 1966ರ ಫೆಬ್ರುವರಿ ಸಂಚಿಕೆಯಲ್ಲಿ ಅಚ್ಚಾದ ಪತ್ರವೊಂದು, ಸುವರ್ಣಯುಗದ ನಾಯಕರನ್ನು ಹೀಗೇ ಮರಳಿ ತರುತ್ತಿದ್ದರೆ ಮುಂದಿನ ತಲೆಮಾರು ಈ ದಶಕವನ್ನು ಬೆಳ್ಳಿಯ ಅರವತ್ತರ ದಶಕ ಎಂದು ಕರೆಯುತ್ತದೆ ಎಂಬರ್ಥದ ಮಾತಾಡಿತ್ತು. ಆ ಹೆಸರನ್ನು ವ್ಯಾಪಾರಿಗಳು ಎತ್ತಿಕೊಂಡರು. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಹಳೆಯ ಕಾಮಿಕ್ಸ್‌ಗಳ ದರಪುಸ್ತಕವನ್ನು ಹೊರತಂದರು. ಅದು ವರ್ಷವರ್ಷವೂ ಬರತೊಡಗಿದ ಮೇಲೆ ಅಭಿಮಾನಿಗಳ ಬಾಯಿಮಾತು ಪೇಟೆಯ ಭಾಷೆಯಾಯಿತು.

ಸುವರ್ಣಯುಗದ ಆರಂಭದ ಬಗ್ಗೆ ಹೆಚ್ಚು ತಕರಾರಿಲ್ಲ. 1938ರ ಜೂನ್ ತಾರೀಖಿನ ‘ಆ್ಯಕ್ಷನ್ ಕಾಮಿಕ್ಸ್’ 1ನೇ ಸಂಚಿಕೆಯ ಮುಖಪುಟದಲ್ಲಿ ಸೂಪರ್‌ಮ್ಯಾನ್ ಹಸಿರು ಕಾರೊಂದನ್ನು ತಲೆಯ ಮೇಲೆತ್ತಿ ಬಂಡೆಗೆ ಅಪ್ಪಳಿಸುತ್ತಿದ್ದಾನೆ. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯುವಕರು 130 ಡಾಲರ್‌ಗೆ ಹಕ್ಕನ್ನೆಲ್ಲ ಬರೆದುಕೊಟ್ಟರು. ಆ ಸಂಚಿಕೆಯ ಒಂದು ಒಳ್ಳೆಯ ಪ್ರತಿ 2024ರ ಹರಾಜಿನಲ್ಲಿ 60 ಲಕ್ಷ ಡಾಲರ್‌ಗೆ ಹೋಯಿತು. 1939ರ ಮೇ ತಿಂಗಳಲ್ಲಿ ಬ್ಯಾಟ್‌ಮ್ಯಾನ್ ಬಂದ. ಹಿಟ್ಲರನ ದವಡೆಗೆ ಗುದ್ದುವ ಮುಖಪುಟದೊಡನೆ ಕ್ಯಾಪ್ಟನ್ ಅಮೆರಿಕ ಬಂದದ್ದು 1941ರ ಮಾರ್ಚ್ ಸಂಚಿಕೆಯಲ್ಲಿ, ಅಮೆರಿಕ ಯುದ್ಧಕ್ಕೆ ಇಳಿಯುವ ಮುಂಚೆಯೇ. ಯುದ್ಧ ಶುರುವಾದ ಮೇಲೆ ಊರೂರಿನಲ್ಲಿ ರದ್ದಿ ಕಾಗದ ಒಟ್ಟುಮಾಡುವ ಅಭಿಯಾನ ನಡೆಯಿತು. ಮಕ್ಕಳು ತಮ್ಮ ಕಾಮಿಕ್ಸ್‌ಗಳನ್ನು ಹೊತ್ತುಕೊಂಡು ಹೋಗಿ ಕೊಟ್ಟರು. ಲಕ್ಷಗಟ್ಟಲೆ ಅಚ್ಚಾದ ಪುಸ್ತಕಗಳು ಇಂದು ಬೆರಳೆಣಿಕೆಗೆ ಇಳಿದಿರುವುದಕ್ಕೆ ಇದು ದೊಡ್ಡ ಕಾರಣ. ಚಿನ್ನ ಎಂಬ ಹೆಸರಿಗೆ ಕಥೆಯಷ್ಟೇ ಈ ಅಭಾವವೂ ಒತ್ತಾಸೆಯಾಯಿತು.

ಬೆಳ್ಳಿಯುಗವನ್ನು 1956ಕ್ಕೆ ಕಟ್ಟುವವರ ವಾದಕ್ಕೆ ಬಲ ಕೊಡುವುದು ಕಥೆಯೊಳಗಿನ ಒಂದು ವಿವರ. ಹೊಸ ಫ್ಲ್ಯಾಶ್ ಬ್ಯಾರಿ ಅಲೆನ್ ಪೊಲೀಸ್ ಇಲಾಖೆಯ ವಿಜ್ಞಾನಿ. ಸಿಡಿಲು ಬಡಿದು ಅವನಿಗೆ ವೇಗದ ಶಕ್ತಿ ಬರುವುದಕ್ಕೆ ಮುನ್ನ ಅವನು ಪ್ರಯೋಗಾಲಯದಲ್ಲಿ ಕೂತು ಹಳೆಯ ಕಾಮಿಕ್ಸ್ ಓದುತ್ತಿರುತ್ತಾನೆ. ಅದು 1940ರ ದಶಕದ ಮೊದಲ ಫ್ಲ್ಯಾಶ್‌ನ ಪುಸ್ತಕ! ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ 1961ರ ಸೆಪ್ಟೆಂಬರ್‌ನ ‘ಫ್ಲ್ಯಾಶ್’ 123ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಳೆಯ ಫ್ಲ್ಯಾಶ್ ಬೇರೊಂದು ಭೂಮಿಯಲ್ಲಿ ನಿಜವಾಗಿ ಬದುಕಿದ್ದಾನೆ, ಹೊಸ ಫ್ಲ್ಯಾಶ್ ಅಲ್ಲಿಗೇ ಹೋಗಿ ಅವನನ್ನು ಕಾಣುತ್ತಾನೆ ಎಂಬ ಕಥೆ ಬಂತು. ಎರಡು ಯುಗಗಳು ಎರಡು ಲೋಕಗಳಾದವು. ಅದೇ ವರ್ಷದ ನವೆಂಬರ್ ತಾರೀಖಿನೊಡನೆ ಮಾರ್ವೆಲ್ ಪ್ರಕಾಶನದ ‘ಫೆಂಟಾಸ್ಟಿಕ್ ಫೋರ್’, 1962ರ ಆಗಸ್ಟ್‌ನ ‘ಅಮೇಜಿಂಗ್ ಫ್ಯಾಂಟಸಿ’ 15ರಲ್ಲಿ ಸ್ಪೈಡರ್‌ಮ್ಯಾನ್. ಮ್ಯಾನ್‌ಹಂಟರ್ ಎಷ್ಟೇ ಮೊದಲಿಗನಾದರೂ ಅವನ ಹಿಂದೆ ಇಂಥದೊಂದು ಸಾಲು ಹುಟ್ಟಲಿಲ್ಲ. ಹಾಗಾಗಿ ನನ್ನ ಮತವೂ ‘ಷೋಕೇಸ್’ನ ಕಡೆಗೇ. ಮೊದಲು ಬಂದದ್ದಕ್ಕಿಂತ ಮುಂದಿನದನ್ನು ಎಳೆದು ತಂದದ್ದೇ ಯುಗಾರಂಭ.

ಬೆಳ್ಳಿ ಮುಗಿದು ಕಂಚು ಶುರುವಾಗುವ ಜಾಗದಲ್ಲಿ ಈ ಒಮ್ಮತವೂ ಇಲ್ಲ. 1970ರಲ್ಲಿ ಚಿತ್ರಕಾರ ಜ್ಯಾಕ್ ಕರ್ಬಿ ಮಾರ್ವೆಲ್ ಬಿಟ್ಟು ಡಿಸಿಗೆ ಹೋದರು. ಅದೇ ಗಡಿ ಎನ್ನುವವರಿದ್ದಾರೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಕೋನನ್ ದ ಬಾರ್ಬೇರಿಯನ್’ ಬಂದು ಸೂಪರ್‌ಹೀರೋ ಅಲ್ಲದವರ ಕಥೆಗೂ ಜಾಗ ಮಾಡಿತು. ಸ್ಪೈಡರ್‌ಮ್ಯಾನ್‌ನ 96ರಿಂದ 98ರವರೆಗಿನ ಸಂಚಿಕೆಗಳು ಮಾದಕ ವಸ್ತುಗಳ ಕಥೆ ಹೇಳಿದ್ದರಿಂದ 1971ರಲ್ಲಿ ಕಾಮಿಕ್ಸ್ ಕೋಡ್‌ನ, ಅಂದರೆ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡಿದ್ದ ಕಟ್ಟುಪಾಡಿನ, ಒಪ್ಪಿಗೆಯ ಮುದ್ರೆಯಿಲ್ಲದೆಯೇ ಹೊರಬಂದವು. ಕೋಡ್ ತನ್ನ ನಿಯಮಗಳನ್ನೇ ಸಡಿಲಿಸಬೇಕಾಯಿತು. 1973ರ ಜೂನ್‌ನ 121ನೇ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸತ್ತಳು. ನಾಯಕ ಕಾಪಾಡಹೋಗಿಯೂ ಕಾಪಾಡಲಾಗದ ಆ ದಿನ ಬೆಳ್ಳಿಯುಗ ಮುಗಿಯಿತು ಎಂದು ಎದೆಮುಟ್ಟಿ ಹೇಳುವ ಓದುಗರಿದ್ದಾರೆ.

ಈ ಗೊಂದಲದಿಂದ ಪಾರಾಗಲು ಅನೇಕ ಸಂಗ್ರಾಹಕರು ಕಥೆಯನ್ನು ಪಕ್ಕಕ್ಕಿಟ್ಟು ಪುಸ್ತಕವನ್ನೇ ನೋಡುತ್ತಾರೆ. ಮುಖಪುಟದ ಮೇಲೆ ಅಚ್ಚಾದ ಬೆಲೆ ಅವರ ಮೊದಲ ಸಾಕ್ಷಿ. ಸುವರ್ಣಯುಗದಿಂದ 1960ರ ದಶಕದ ಹೊಸ್ತಿಲವರೆಗೆ ಬೆಲೆ ಹತ್ತೇ ಸೆಂಟು. ಬೆಲೆ ಏರಿಸದೆ ಪ್ರಕಾಶಕರು ಪುಟಗಳನ್ನು ಕಡಿಮೆ ಮಾಡುತ್ತಾ ಬಂದಿದ್ದರು: 64 ಪುಟವಿದ್ದದ್ದು 1950ರ ದಶಕದಲ್ಲಿ ಅರ್ಧಕ್ಕೆ ಇಳಿಯಿತು. 1961–62ರಲ್ಲಿ ಬೆಲೆ 12 ಸೆಂಟಾಯಿತು, 1969ರ ನಡುವಿನಲ್ಲಿ 15. ಹನ್ನೆರಡು ಸೆಂಟಿನವರೆಗೆ ಬೆಳ್ಳಿ, ಹದಿನೈದರಿಂದ ಕಂಚು ಎಂದು ಡಬ್ಬ ತುಂಬುವವರಿಗೆ ಯಾವ ಕಥೆ ಯಾವ ಯುಗದ್ದು ಎಂಬ ತಲೆನೋವಿಲ್ಲ.

ತಾರೀಖನ್ನು ಓದುವುದಕ್ಕೂ ತಿಳಿವಳಿಕೆ ಬೇಕು. ಮುಖಪುಟದ ಮೇಲಿನ ತಿಂಗಳು ಪುಸ್ತಕ ಅಂಗಡಿಗೆ ಬಂದ ತಿಂಗಳಲ್ಲ. ಅದು ಅಂಗಡಿಯವನು ಅದನ್ನು ತೆಗೆದು ವಾಪಸು ಮಾಡಬೇಕಾದ ಕಾಲದ ಸೂಚನೆ. ಹಾಗಾಗಿ ಜೂನ್ ಎಂದು ಅಚ್ಚಾದ ‘ಆ್ಯಕ್ಷನ್ ಕಾಮಿಕ್ಸ್’ ಏಪ್ರಿಲ್‌ನಲ್ಲೇ ಮಾರಾಟದಲ್ಲಿತ್ತು. ಮಾರಾಟವಾಗದೆ ಉಳಿದ ಪ್ರತಿಗಳ ಮುಖಪುಟವನ್ನೋ ಅದರ ಮೇಲಿನ ಪಟ್ಟಿಯನ್ನೋ ಹರಿದು ಕಳಿಸಿದರೆ ಅಂಗಡಿಯವನಿಗೆ ಹಣ ವಾಪಸು ಬರುತ್ತಿತ್ತು. ಮುಖಪುಟದ ಮೇಲ್ಭಾಗ ಹರಿದ ಪ್ರತಿಗಳು ಇಂದಿಗೂ ಸಿಗುವುದು ಇದರಿಂದಲೇ. ಮುಖಪುಟ ಕಳೆದುಹೋಗಿದ್ದರೆ ಒಳಪುಟದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾದ ಪ್ರಕಾಶಕರ ವಿವರವನ್ನು ಹುಡುಕಬೇಕು; ಸಂಚಿಕೆಯ ಸಂಖ್ಯೆ, ತಿಂಗಳು, ವರ್ಷ ಎಲ್ಲ ಅಲ್ಲಿರುತ್ತವೆ.

1974ರ ನವೆಂಬರ್‌ನ ‘ಇನ್‌ಕ್ರೆಡಿಬಲ್ ಹಲ್ಕ್’ 181ನೇ ಸಂಚಿಕೆಯನ್ನು ಕೊಳ್ಳುವವರು ಇನ್ನೂ ಒಂದು ಕಡೆ ನೋಡುತ್ತಾರೆ. ವುಲ್ವರಿನ್ ಮೊದಲ ಸಲ ಪೂರ್ತಿ ಪಾತ್ರವಾಗಿ ಬಂದ ಈ ಪುಸ್ತಕ ಕಂಚಿನ ಯುಗದ ಅತಿ ಬೇಡಿಕೆಯ ಪುಸ್ತಕಗಳಲ್ಲಿ ಒಂದು. ಆ ವರ್ಷ ಮಾರ್ವೆಲ್ ತನ್ನ ಪುಸ್ತಕಗಳ ಪತ್ರಗಳ ಪುಟದಲ್ಲಿ ಅಂಚೆ ಚೀಟಿಯಂಥ ಪುಟ್ಟ ಚಿತ್ರವೊಂದನ್ನು ಅಚ್ಚುಹಾಕಿ, ಕತ್ತರಿಸಿ ಅಂಟಿಸಿಕೊಳ್ಳಿ ಎಂದು ಮಕ್ಕಳಿಗೆ ಹೇಳುತ್ತಿತ್ತು. ಮಕ್ಕಳು ಹೇಳಿದ ಹಾಗೇ ಮಾಡಿದರು. ಹೊರಗಿನಿಂದ ಹೊಚ್ಚ ಹೊಸದಾಗಿ ಕಾಣುವ ಪ್ರತಿಯ ಒಳಗೆ ಕತ್ತರಿ ಆಡಿದ ಚೌಕಾಕಾರದ ಕಿಂಡಿ ಇದ್ದರೆ ಅದರ ಬೆಲೆಯ ದೊಡ್ಡ ಪಾಲು ಹೋಯಿತೆಂದೇ ಲೆಕ್ಕ. ಅನುಭವಸ್ಥರು ಕೈಗೆ ಬಂದ ಕೂಡಲೇ ಕಥೆಯನ್ನು ಬಿಟ್ಟು ಆ ಪುಟ ತೆರೆಯುವುದು ಇದಕ್ಕಾಗಿ.

ಇಷ್ಟೆಲ್ಲ ನಿಖರತೆಯ ನಡುವೆ ನನ್ನನ್ನು ಕಾಡುವುದು ಯಾವ ಲೋಹದ ಹೆಸರೂ ಇಲ್ಲದ ಹತ್ತು ವರ್ಷಗಳು. 1946ರಿಂದ 1956ರವರೆಗಿನ ಈ ಅವಧಿಯನ್ನು ಕೆಲವರು ಪರಮಾಣು ಯುಗ ಎಂದು ಕರೆಯುತ್ತಾರೆ. ಬಹಳಷ್ಟು ಮಂದಿ ಎರಡು ಯುಗಗಳ ನಡುವಿನ ತೆರಪು ಎಂದು ದಾಟಿಬಿಡುತ್ತಾರೆ. ಸೂಪರ್‌ಹೀರೋಗಳು ಆಗ ಕಳೆಗುಂದಿದ್ದು ನಿಜ. ಕ್ಯಾಪ್ಟನ್ ಅಮೆರಿಕ 1950ರಲ್ಲಿ ನಿಂತಿತು. ಹಾಗೆಂದು ಕಾಮಿಕ್ಸ್ ನಿಂತಿರಲಿಲ್ಲ. ತಿಂಗಳು ತಿಂಗಳೂ ಕೋಟಿಗಟ್ಟಲೆ ಪ್ರತಿ ಮಾರಾಟವಾಗುತ್ತಿದ್ದ ಕಾಲ ಅದು. 1947ರಲ್ಲಿ ಜೋ ಸೈಮನ್ ಮತ್ತು ಕರ್ಬಿ ಪ್ರೇಮಕಥೆಗಳ ಕಾಮಿಕ್ಸ್ ಆರಂಭಿಸಿದರು. ಅದೇ ವರ್ಷದ ಕೊನೆಗೆ ಕಾರ್ಲ್ ಬಾರ್ಕ್ಸ್ ಅಂಕಲ್ ಸ್ಕ್ರೂಜ್ ಎಂಬ ಜಿಪುಣ ಬಾತುಕೋಳಿಯನ್ನು ಸೃಷ್ಟಿಸಿದರು. ವಿಲಿಯಂ ಗೇನ್ಸ್‌ರ ಇಸಿ ಪ್ರಕಾಶನ ದೆವ್ವ, ಯುದ್ಧ, ವಿಜ್ಞಾನದ ಕಥೆಗಳನ್ನು ತಂದಿತು. 1952ರಲ್ಲಿ ‘ಮ್ಯಾಡ್’ ಹುಟ್ಟಿದ್ದೂ ಅಲ್ಲೇ.

ಇದರ ಬೆನ್ನಿಗೇ ಭಯವೂ ಬಂತು. 1948ರಲ್ಲಿ ವೆಸ್ಟ್ ವರ್ಜೀನಿಯಾದ ಸ್ಪೆನ್ಸರ್‌ನಂಥ ಊರುಗಳಲ್ಲಿ ಮಕ್ಕಳಿಂದಲೇ ಕಾಮಿಕ್ಸ್ ಒಟ್ಟುಮಾಡಿಸಿ ಬೆಂಕಿ ಹಚ್ಚಲಾಯಿತು. 1954ರಲ್ಲಿ ಮನೋವೈದ್ಯ ಫ್ರೆಡರಿಕ್ ವರ್ಥಮ್ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿದೆ ಎಂದು ಪುಸ್ತಕ ಬರೆದರು. ಅಮೆರಿಕದ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಸರ್ಕಾರ ಕೈಹಾಕುವ ಮುನ್ನ ಪ್ರಕಾಶಕರೇ ಕಾಮಿಕ್ಸ್ ಕೋಡ್ ಎಂಬ ಕಟ್ಟುಪಾಡು ಹಾಕಿಕೊಂಡರು. ಆ ಮುದ್ರೆಯಿಲ್ಲದ ಪುಸ್ತಕಗಳನ್ನು ಸಗಟು ವಿತರಕರು ಮುಟ್ಟಲಿಲ್ಲ. ಬೆಳ್ಳಿಯುಗದ ಹೊಳಪಿಗೆ ಹಿನ್ನೆಲೆ ಇದೇ: ಬೇರೆ ಬಗೆಯ ಕಥೆಗಳ ಬಾಯಿ ಕಟ್ಟಿದ್ದರಿಂದ ಸೂಪರ್‌ಹೀರೋಗಳಿಗೆ ಅಂಗಳ ತೆರವಾಯಿತು.

ಇಲ್ಲೊಂದು ಕಥೆಯನ್ನು ಹತ್ತಿರದಿಂದ ನೋಡಬೇಕು. ಇಸಿಯ ‘ವಿಯರ್ಡ್ ಫ್ಯಾಂಟಸಿ’ 18ನೇ ಸಂಚಿಕೆಯಲ್ಲಿ, 1953ರ ಮಾರ್ಚ್-ಏಪ್ರಿಲ್‌ನಲ್ಲಿ, ‘ಜಡ್ಜ್‌ಮೆಂಟ್ ಡೇ’ ಎಂಬ ಕಥೆ ಬಂತು. ಬರೆದವರು ಆಲ್ ಫೆಲ್ಡ್‌ಸ್ಟೀನ್, ಚಿತ್ರ ಜೋ ಒರ್ಲ್ಯಾಂಡೊ. ಭೂಮಿಯಿಂದ ಬಂದ ತನಿಖಾಧಿಕಾರಿಯೊಬ್ಬ ರೋಬಾಟ್‌ಗಳ ಗ್ರಹಕ್ಕೆ ಇಳಿಯುತ್ತಾನೆ. ಅಲ್ಲಿ ಕಿತ್ತಳೆ ಬಣ್ಣದ ರೋಬಾಟ್‌ಗಳು ಯಜಮಾನರು. ನೀಲಿಯವು ಬೇರೆ ಕೇರಿಯಲ್ಲಿ ಬದುಕಬೇಕು, ಕೀಳು ಕೆಲಸ ಮಾಡಬೇಕು. ಒಳಗಿನ ಯಂತ್ರ ಎರಡಕ್ಕೂ ಒಂದೇ, ಹೊರಗಿನ ತಗಡಿನ ಬಣ್ಣವಷ್ಟೇ ಬೇರೆ. ಈ ಗ್ರಹ ಭೂಮಿಯ ಒಕ್ಕೂಟಕ್ಕೆ ಸೇರಲು ಇನ್ನೂ ಯೋಗ್ಯವಾಗಿಲ್ಲ ಎಂದು ಹೇಳಿ ಅಧಿಕಾರಿ ಹೊರಡುತ್ತಾನೆ. ಕೊನೆಯ ಚೌಕದಲ್ಲಿ ಅವನು ಶಿರಸ್ತ್ರಾಣ ತೆಗೆಯುತ್ತಾನೆ. ಅವನೊಬ್ಬ ಕಪ್ಪು ಮನುಷ್ಯ. ಅವನ ಮುಖದ ಮೇಲೆ ಬೆವರ ಹನಿಗಳು ನಕ್ಷತ್ರಗಳ ಹಾಗೆ ಹೊಳೆಯುತ್ತಿವೆ.

ಈ ಕಥೆಯನ್ನು ಗೇನ್ಸ್ ಮತ್ತೆ ಅಚ್ಚುಹಾಕಲು ಹೊರಟಾಗ ಕೋಡ್‌ನ ಆಡಳಿತಾಧಿಕಾರಿ ಚಾರ್ಲ್ಸ್ ಮರ್ಫಿ ಆ ನಾಯಕ ಕಪ್ಪು ಮನುಷ್ಯನಾಗಿರಕೂಡದು ಎಂದರು. ಪಟ್ಟು ಸಡಿಲಿಸಿ, ಕೊನೆಗೆ ಬೆವರ ಹನಿಗಳನ್ನಾದರೂ ತೆಗೆಯಿರಿ ಎಂದರು. ಗೇನ್ಸ್ ಒಪ್ಪಲಿಲ್ಲ. 1956ರ ಜನವರಿ-ಫೆಬ್ರುವರಿಯ ‘ಇನ್‌ಕ್ರೆಡಿಬಲ್ ಸೈನ್ಸ್ ಫಿಕ್ಷನ್’ 33ರಲ್ಲಿ ಕಥೆ ಇದ್ದಂತೆಯೇ ಬಂತು. ಅದೇ ಇಸಿಯ ಕೊನೆಯ ಕಾಮಿಕ್ಸ್ ಪುಸ್ತಕ. ಕೆಲವೇ ತಿಂಗಳಲ್ಲಿ ‘ಷೋಕೇಸ್’ 4 ಬಂದು ಬೆಳ್ಳಿಯುಗ ಶುರುವಾಯಿತು.

ಈಗ 1970ಕ್ಕೆ ಬನ್ನಿ. ಕಂಚಿನ ಯುಗ ಶುರುವಾದದ್ದು ಅದೇ ವರ್ಷದ ಏಪ್ರಿಲ್‌ನ ‘ಗ್ರೀನ್ ಲ್ಯಾಂಟರ್ನ್’ 76ರಿಂದ ಎನ್ನುವವರು ಕೊಡುವ ಕಾರಣ, ಕಾಮಿಕ್ಸ್ ಮೊದಲ ಸಲ ಸಮಾಜದ ನಿಜವಾದ ನೋವುಗಳತ್ತ ತಿರುಗಿತು ಎಂಬುದು. ಡೆನಿಸ್ ಓನೀಲ್ ಬರೆದು ನೀಲ್ ಆ್ಯಡಮ್ಸ್ ಚಿತ್ರಿಸಿದ ಆ ಕಥೆಯಲ್ಲಿ ವೃದ್ಧ ಕಪ್ಪು ಮನುಷ್ಯನೊಬ್ಬ ನಾಯಕನನ್ನು ತಡೆದು, ಬೇರೆ ಗ್ರಹಗಳ ನೀಲಿ, ಕಿತ್ತಳೆ, ನೇರಳೆ ಮೈಬಣ್ಣದವರಿಗೆಲ್ಲ ನೆರವಾದ ನೀನು ಕಪ್ಪು ಜನರಿಗೆ ಏನು ಮಾಡಿದೆ ಎಂದು ಕೇಳುತ್ತಾನೆ. ನಾಯಕ ತಲೆತಗ್ಗಿಸುತ್ತಾನೆ. ಎದೆಗೆ ನಾಟುವ ಪುಟ ಅದು. ಅದರ ಘನತೆಯನ್ನು ಕಡಿಮೆ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ನೀಲಿ, ಕಿತ್ತಳೆ ಬಣ್ಣಗಳನ್ನು ಮುಂದಿಟ್ಟುಕೊಂಡು ಇದೇ ಪ್ರಶ್ನೆಯನ್ನು ಹದಿನೇಳು ವರ್ಷ ಮೊದಲೇ ಕೇಳಿದ್ದ ಪುಸ್ತಕಕ್ಕೆ ಯುಗಾರಂಭದ ಪಟ್ಟ ಸಿಗಲಿಲ್ಲ. ಅದರಲ್ಲಿ ಸೂಪರ್‌ಹೀರೋ ಇರಲಿಲ್ಲ ಎಂಬುದೊಂದೇ ಅದಕ್ಕೆ ಕಾರಣ. ಈ ಯುಗಗಣನೆ ಕಾಮಿಕ್ಸ್‌ನ ಚರಿತ್ರೆ ಎಂದು ಹೇಳಿಕೊಂಡರೂ ಸೂಪರ್‌ಹೀರೋಗಳ ಚರಿತ್ರೆಯಾಗಿ ಉಳಿದಿದೆ. ಬಾರ್ಕ್ಸ್‌ರ ಬಾತುಕೋಳಿಗಳಿಗಾಗಲಿ, 1968ರಲ್ಲಿ ರಾಬರ್ಟ್ ಕ್ರಂಬ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊರತಂದ ‘ಜ್ಯಾಪ್’ಗಾಗಲಿ ಇದರಲ್ಲಿ ಸರಿಯಾದ ಮನೆಯಿಲ್ಲ.

ಮುಂದಿನ ಗಡಿಗಳು ಬಹುಮಟ್ಟಿಗೆ ವ್ಯಾಪಾರದವು. 1984ರಲ್ಲಿ ಸುಮಾರು 3000 ಪ್ರತಿಯೊಂದಿಗೆ ಬಂದ ‘ಟೀನೇಜ್ ಮ್ಯುಟೆಂಟ್ ನಿಂಜಾ ಟರ್ಟಲ್ಸ್’, 1986ರ ‘ವಾಚ್‌ಮೆನ್’ ಮತ್ತು ‘ಡಾರ್ಕ್ ನೈಟ್ ರಿಟರ್ನ್ಸ್’ ತಾಮ್ರಯುಗದ ಗುರುತುಗಳು. 1991ರ ‘ಎಕ್ಸ್-ಮೆನ್’ 1ನೇ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಯಿತು. ಮುಂದೆ ಬೆಲೆ ಬರುತ್ತದೆಂದು ಜನ ಕಟ್ಟುಗಟ್ಟಲೆ ಕೊಂಡು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರು. ಎಲ್ಲರೂ ಜೋಪಾನ ಮಾಡಿದ್ದರಿಂದ ಅದು ಇಂದಿಗೂ ಅಗ್ಗ. ಆ ಹುಚ್ಚು ಇಳಿದಾಗ ನೂರಾರು ಅಂಗಡಿಗಳು ಮುಚ್ಚಿದವು, 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು.

ಭಾರತದ ಕಾಮಿಕ್ಸ್‌ಗಳನ್ನು ಈ ಲೋಹಗಳ ಲೆಕ್ಕಕ್ಕೆ ತುರುಕಲಾಗದು. ಟೈಮ್ಸ್ ಬಳಗದ ಇಂದ್ರಜಾಲ ಕಾಮಿಕ್ಸ್ 1964ರ ಮಾರ್ಚ್‌ನಲ್ಲಿ ಫ್ಯಾಂಟಮ್‌ನೊಡನೆ ಆರಂಭವಾಗಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಹರಡಿ, 1990ರಲ್ಲಿ ನಿಂತಿತು. ಅದಕ್ಕೆ ಅದರದೇ ಕಾಲಮಾನವಿದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಅಮರ ಚಿತ್ರ ಕಥೆ 11ನೇ ಸಂಖ್ಯೆಯ ‘ಕೃಷ್ಣ’ದಿಂದ ಶುರುವಾಗುತ್ತದೆ. ಮೊದಲ ಹತ್ತು ಎಲ್ಲಿ ಎಂದು ಹೊಸ ಸಂಗ್ರಾಹಕರು ಹುಡುಕಾಡುವುದುಂಟು. ಆ ಹತ್ತು ಸಿಂಡ್ರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳು. ಅವು ಮಾಲೆಯ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಕನ್ನಡದಲ್ಲಿ ಬಂದವು. ದೇಶದ ಅತಿ ಹೆಸರುವಾಸಿ ಚಿತ್ರಕಥಾ ಮಾಲೆಯ ಮೊದಲ ಪುಟಗಳು ಕನ್ನಡದವು ಎಂಬುದು ನಮ್ಮಲ್ಲೇ ಎಷ್ಟು ಜನರಿಗೆ ಗೊತ್ತು?

ಅಮೆರಿಕದ ಸಂಗ್ರಾಹಕರಿಂದ ನಾವು ಕಲಿಯಬೇಕಾದದ್ದು ಅವರ ಲೋಹದ ಹೆಸರುಗಳನ್ನಲ್ಲ, ಅವರ ಕೆಲಸದ ರೀತಿಯನ್ನು. ಬೈಲ್ಸ್‌ರಂಥವರು ಮೊದಲು ಪಟ್ಟಿ ಮಾಡಿದರು: ಯಾವ ಸಂಚಿಕೆ ಯಾವ ತಿಂಗಳು ಬಂತು, ಯಾರು ಬರೆದರು, ಹೆಸರು ಹಾಕದೆ ಯಾರು ಚಿತ್ರ ಬಿಡಿಸಿದರು. ಪತ್ರ ಬರೆದು ಕೇಳಿ, ಶೈಲಿ ನೋಡಿ ಗುರುತಿಸಿ, ಪ್ರಕಾಶಕರೇ ಮರೆತಿದ್ದ ಕಲಾವಿದರ ಹೆಸರನ್ನು ಉಳಿಸಿದರು. ಯುಗದ ಹೆಸರುಗಳ ಮೇಲೆ ಜಗಳವಾಡಲು ಇಂದು ಸಾಧ್ಯವಾಗಿರುವುದೇ ಆ ಪಟ್ಟಿಗಳಿಂದ. ಕನ್ನಡದಲ್ಲಿ ಅಚ್ಚಾದ ಕಾಮಿಕ್ಸ್‌ಗಳಿಗೂ ಅಂಥದೊಂದು ಪಟ್ಟಿ ಬೇಕು: ಸಂಚಿಕೆ, ತಾರೀಖು, ಬೆಲೆ, ಅನುವಾದಕರು, ಅಕ್ಷರ ಬರೆದವರು. ಮನೆಯ ಅಟ್ಟದಲ್ಲಿ ಅಂಥ ಪುಸ್ತಕ ಇರುವವರು ಇದನ್ನು ಇಂದೇ ಶುರುಮಾಡಬಹುದು. ಯುಗಗಳಿಗೆ ಹೆಸರಿಡುವ ಕೆಲಸವನ್ನು ಮುಂದಿನವರು ಮಾಡಿಕೊಳ್ಳಲಿ. ಹೆಸರಿಡಲು ಪುಸ್ತಕಗಳು ಉಳಿದಿರುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.